ಕೆಟ್ಟವನು ಅಂತ ಗೊತ್ತಾಯಿತು, ಸರಿ. ಆಮೇಲೆ?

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆದುಬಿಡುತ್ತೇನೆ.

ನಿನ್ನೆ ಭಾನುವಾರ, ಎಂದಿನಂತೆ ನಮ್ಮ ಮನೆ ಮಹಡಿ ಮೇಲೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ಇತ್ತು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಹೊಡೆತ ಬಿತ್ತೋ ಇಲ್ಲವೋ ಅಂತ ಡೈಸ್ ಹೇಳುತ್ತದೆ. ನಮ್ಮ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕೆಜಿಎಫ್ ಗಣಿಯ ಮಾತು ಕೇಳುತ್ತಾ ಬೆಳೆದವಳು ನಾನು. ಹಾಗಾಗಿ ನನ್ನ ಕತೆ ನಡೆಯುವುದೂ ಮುಚ್ಚಿಹೋದ ಒಂದು ಚಿನ್ನದ ಗಣಿಯ ಊರಿನಲ್ಲಿ. ಅಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆ. ಹುಡುಕೋಕೆ ಬಂದ ತಂಡದಲ್ಲಿ ಒಬ್ಬ ಪ್ಯಾಲಡಿನ್ ಇದ್ದಾನೆ. ಅಂದರೆ ದೇವರಿಗೆ ಮಾತು ಕೊಟ್ಟು ಕತ್ತಿ ಹಿಡಿದ ಯೋಧ. ಹತ್ತಿರದಲ್ಲಿ ಕೆಟ್ಟದ್ದು ಇದ್ದರೆ ಅವನಿಗೆ ಗೊತ್ತಾಗುತ್ತದೆ. ಆ ಶಕ್ತಿಗೆ ಡಿಟೆಕ್ಟ್ ಈವಿಲ್ ಅಂತ ಹೆಸರು.

ಊರ ಚಾವಡಿಯಲ್ಲಿ ಒಬ್ಬ ಬಡ್ಡಿ ಸಾಹುಕಾರ ಕೂತಿದ್ದ. ಮುದುಕ. ಪ್ಯಾಲಡಿನ್ ಆಡುವ ಹುಡುಗ ಬಾಗಿಲಲ್ಲೇ ನಿಂತು, "ಅಕ್ಕಾ, ಡಿಟೆಕ್ಟ್ ಈವಿಲ್" ಅಂದ. ನಾನು ಡಿಎಂ, ಅಂದರೆ ಕತೆ ನಡೆಸುವವಳು, ನಿಯಮದಂತೆ ಉತ್ತರ ಕೊಡಲೇಬೇಕು. "ಇದೆ" ಅಂದೆ. "ಹಾಗಾದರೆ ಕತ್ತಿ ಎತ್ತಿದೆ" ಅಂದ. ಡೈಸ್ ಉರುಳಿತು. ಮುದುಕ ಸತ್ತ. ಮೇಜಿನ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಆ ಮುದುಕನಿಗೆ ನಾನು ಒಂದು ಹೆಸರಿಟ್ಟಿದ್ದೆ. ಯಾರೂ ಕೇಳಲಿಲ್ಲ.

ಹುಡುಗನ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಅವನು ಒಳ್ಳೆ ಆಟಗಾರ, ಅವನ ಮೇಲೆ ನನಗೆ ಪ್ರೀತಿಯೇ ಇದೆ. ನನ್ನ ಜಗಳ ಈ ಚಾಳಿಯ ಜೊತೆ. ಪ್ಯಾಲಡಿನ್ ಅಂದರೆ ಕೆಟ್ಟವರ ಪಟ್ಟಿ ಮಾಡಿ ಕಡಿಯುತ್ತಾ ಹೋಗುವವನು ಅಂತ ತಿಳಿದುಕೊಂಡಿರುವ ಚಾಳಿ. ಇದು ನಮ್ಮ ಮಹಡಿಯಲ್ಲಿ ಮಾತ್ರ ಇರುವುದಲ್ಲ. ಬೆಂಗಳೂರಿನ ಗುಂಪುಗಳಲ್ಲೂ ನೋಡಿದ್ದೇನೆ.

ಮೊದಲು ಆ ಶಕ್ತಿ ನಿಜವಾಗಲೂ ಏನು ಹೇಳುತ್ತದೆ ಅಂತ ನೋಡೋಣ. ನಾವು ಆಡುವುದು 2003ರಲ್ಲಿ ಬಂದ ಮೂರೂವರೆ ಆವೃತ್ತಿ. ಅದರಲ್ಲಿ ಪ್ಯಾಲಡಿನ್ ಈ ಶಕ್ತಿಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಎದುರಿಗೆ 60 ಅಡಿಯವರೆಗೆ ಕೆಲಸ ಮಾಡುತ್ತದೆ. ಆದರೆ ಮನಸ್ಸಿಟ್ಟು ನಿಲ್ಲಬೇಕು. ಮೊದಲ ರೌಂಡಿನಲ್ಲಿ, ಅಂದರೆ 6 ಸೆಕೆಂಡಿನಲ್ಲಿ, ಕೆಟ್ಟದ್ದು ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುವುದು. ಎರಡನೇ ರೌಂಡಿನಲ್ಲಿ ಎಷ್ಟಿವೆ, ಅವುಗಳಲ್ಲಿ ದೊಡ್ಡದು ಎಷ್ಟು ಬಲವಾಗಿದೆ ಅಂತ ತಿಳಿಯುತ್ತದೆ. ಯಾವುದು ಎಲ್ಲಿದೆ ಅಂತ ಗೊತ್ತಾಗುವುದು ಮೂರನೇ ರೌಂಡಿನಲ್ಲಿ. ನಮ್ಮ ಹುಡುಗ ಮೊದಲ ರೌಂಡಿಗೇ ಕತ್ತಿ ಎತ್ತಿದ! ಕೆಟ್ಟದ್ದು ಚಾವಡಿಯಲ್ಲಿ ಎಲ್ಲೋ ಇದೆ ಅಂತ ಮಾತ್ರ ಅವನಿಗೆ ಗೊತ್ತಿತ್ತು. ಕೆಟ್ಟ ಶಕ್ತಿ ತುಂಬಿದ ಮಾಟದ ಕತ್ತಿಯೊಂದು ಅಡ ಇಟ್ಟ ಸಾಮಾನಿನ ಪೆಟ್ಟಿಗೆಯಲ್ಲಿ ಇದ್ದಿದ್ದರೂ ನನ್ನ ಉತ್ತರ "ಇದೆ" ಅಂತಲೇ ಇರುತ್ತಿತ್ತು. ಯಾಕೆಂದರೆ ಅಂಥ ವಸ್ತುಗಳೂ ಈ ಶಕ್ತಿಗೆ ಸಿಗುತ್ತವೆ.

ಬಲದ ಲೆಕ್ಕವೂ ಅಷ್ಟೇ. ಸಾಮಾನ್ಯ ಜೀವಿ ಕೆಟ್ಟದ್ದಾಗಿದ್ದರೆ, 10 ಹಿಟ್ ಡೈಸ್‌ವರೆಗೆ ಎಲ್ಲವೂ ಒಂದೇ ಥರ ಮಂದವಾಗಿ ಕಾಣುತ್ತವೆ. ಹಿಟ್ ಡೈಸ್ ಅಂದರೆ ಜೀವಿ ಎಷ್ಟು ಗಟ್ಟಿ ಅನ್ನುವುದಕ್ಕೆ ಆಟದ ಅಳತೆ. ಅಕ್ಕಪಕ್ಕದವರ ಮೇಲೆ ಹೊಟ್ಟೆಕಿಚ್ಚಿನಲ್ಲೇ ಬದುಕಿದ ಅಂಗಡಿಯವನು, ಹತ್ತು ಊರು ಸುಟ್ಟ ದರೋಡೆಕೋರ, ಇಬ್ಬರೂ ಅದೇ ಮಂದ ಬೆಳಕು. ಕೆಟ್ಟ ದೇವರ ಪೂಜಾರಿಗೆ ಲೆಕ್ಕವೇ ಬೇರೆ. ಎರಡನೇ ಹಂತಕ್ಕೇ ಅವನು ಇವರಿಬ್ಬರಿಗಿಂತ ಜೋರಾಗಿ ಕಾಣುತ್ತಾನೆ, ತಾನು ಸ್ವತಃ ಅಷ್ಟು ಕೆಟ್ಟವನಲ್ಲದಿದ್ದರೂ. ಹೀಗಿರುವಾಗ ಈ ಶಕ್ತಿಯಿಂದ ಯಾರ ಪಾಪ ಎಷ್ಟು ಅಂತ ಅಳೆಯೋಕೆ ಆಗುತ್ತದಾ?

ನಮ್ಮ ಕಡೆ ಡೇರಿಗೆ ಹಾಲು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ ಹಾಲು ತೆಳ್ಳಗಿದೆ ಅಂತ ತೋರಿಸುತ್ತದೆ. ನೀರು ಬೆರೆಸಿದ್ದು ಯಾರು, ಮನೆಯಲ್ಲಾ, ದಾರಿಯಲ್ಲಾ ಅಂತ ಅದು ಹೇಳುವುದಿಲ್ಲ. ಅದನ್ನು ಮನುಷ್ಯರು ವಿಚಾರಿಸಬೇಕು. ಕ್ಯಾನ್ ಹೊತ್ತು ತಂದವಳನ್ನು ಸಾಲಲ್ಲೇ ಯಾರೂ ಹೊಡೆಯುವುದಿಲ್ಲ.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಆ ಸಾಹುಕಾರ ನಿಜವಾಗಲೂ ಕೆಟ್ಟವನೇ. ನಾನೇ ಹಾಗೆ ಬರೆದಿದ್ದೆ. ಪಕ್ಕದ ಮನೆ ಮುಳುಗಿದರೆ ಖುಷಿಪಡುವ ಜನ. ಬಡ್ಡಿ ಕಟ್ಟಲಾಗದವರ ಹೊಲ ಬರೆಸಿಕೊಂಡವನು. ಆದರೂ ಅವನನ್ನು ಕೊಂದದ್ದು ತಪ್ಪು. ಅವನು ಯಾರನ್ನೂ ಕೊಂದಿರಲಿಲ್ಲ, ಮಕ್ಕಳನ್ನು ಮುಟ್ಟಿರಲಿಲ್ಲ, ಕೈಯಲ್ಲಿ ಆಯುಧವೂ ಇರಲಿಲ್ಲ. ಒಳಗೆ ಕೆಟ್ಟದ್ದು ಇರುವುದು ಬೇರೆ, ಕೆಟ್ಟ ಕೆಲಸ ಮಾಡುವುದು ಬೇರೆ. ಶಿಕ್ಷೆ ಕೊಡಬೇಕಾದದ್ದು ಎರಡನೆಯದಕ್ಕೆ.

ಇದು ನನ್ನ ಸ್ವಂತ ನೀತಿಪಾಠ ಅಂದುಕೊಳ್ಳಬೇಡಿ. ಪ್ಯಾಲಡಿನ್ ಒಪ್ಪಿಕೊಂಡ ಕಟ್ಟಳೆಯಲ್ಲೇ ಇದೆ. ನ್ಯಾಯವಾದ ಅಧಿಕಾರಕ್ಕೆ ಗೌರವ ಕೊಡಬೇಕು. ಸುಳ್ಳು ಹೇಳಬಾರದು, ಮೋಸ ಮಾಡಬಾರದು, ವಿಷ ಬಳಸಬಾರದು. ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು. ಅಮಾಯಕರಿಗೆ ಹಾನಿ ಮಾಡುವವರನ್ನು, ಬೆದರಿಸುವವರನ್ನು ಶಿಕ್ಷಿಸಬೇಕು. ಹಾನಿ ಮಾಡುವವರನ್ನು! ಡಿಟೆಕ್ಟ್ ಈವಿಲ್‌ಗೆ ಸಿಕ್ಕವರನ್ನೆಲ್ಲ ಅಂತ ಎಲ್ಲೂ ಇಲ್ಲ. ಊರಿಗೆ ಒಬ್ಬ ಯಜಮಾನ ಇದ್ದ, ಪಂಚಾಯಿತಿ ಇತ್ತು. ಅವರನ್ನು ಒಂದು ಮಾತು ಕೇಳದೆ ಅವರ ಚಾವಡಿಯಲ್ಲೇ ಕೊಲೆ ಮಾಡಿದರೆ ಆ ಗೌರವ ಎಲ್ಲಿ ಉಳಿಯಿತು?

"ಅಕ್ಕಾ, ಇದು ಆಟ. ನಮ್ಮ ಪ್ರಪಂಚದ ಥರ ಅಲ್ಲ. ಅಲ್ಲಿ ಕೆಟ್ಟದ್ದು ಅಂದರೆ ಖಚಿತವಾಗಿ ಕೆಟ್ಟದ್ದೇ. ದೇವರೇ ತೋರಿಸಿಕೊಟ್ಟ ಮೇಲೆ ಅನುಮಾನ ಯಾಕೆ?" ಅಂತ ಒಬ್ಬ ವಾದ ಮಾಡಿದ. ಈ ವಾದ ನನಗೆ ಹೊಸದೇನಲ್ಲ. ಒಂದು ಅರ್ಥದಲ್ಲಿ ಸರಿಯೂ ಹೌದು, ಆಟದ ಲೋಕದಲ್ಲಿ ಕೆಟ್ಟತನ ಗಾಳಿ ಬೆಳಕಿನಷ್ಟೇ ನಿಜ. ಆದರೆ ಇದೆ ಅಂತ ದೇವರು ತೋರಿಸಿದ, ಕೊಲ್ಲು ಅಂತ ಯಾವಾಗ ಹೇಳಿದ? ಅದೇ ಆಟದ ರಾಕ್ಷಸರ ಪುಸ್ತಕ ತೆರೆದು ನೋಡಿ. ಗಾಬ್ಲಿನ್‌ಗಳು ಸಾಮಾನ್ಯವಾಗಿ ಕೆಟ್ಟವರು ಅಂತಿದೆ. ಆರ್ಕ್‌ಗಳು ಬಹಳ ಸಲ ಕೆಟ್ಟವರು ಅಂತಿದೆ. ಸಾಮಾನ್ಯವಾಗಿ ಅಂದರೆ ಎಲ್ಲರೂ ಅಲ್ಲ ಅಂತ ತಾನೇ? ಆಟ ಬರೆದವರೇ ಬಾಗಿಲು ತೆರೆದಿಟ್ಟಿದ್ದಾರೆ. ಮುಚ್ಚುತ್ತಿರುವುದು ನಾವು.

ನಾವು ಪ್ರಹ್ಲಾದನ ಕತೆ ಕೇಳಿ ಬೆಳೆದವರು. ಹಿರಣ್ಯಕಶಿಪುವಿನ ಮನೆಯಲ್ಲೇ ಅವನು ಹುಟ್ಟಿದ್ದು. ವಿಭೀಷಣ ಲಂಕೆ ಬಿಟ್ಟು ಬಂದಾಗ ಸುಗ್ರೀವ ಇವನನ್ನು ನಂಬಬೇಡಿ ಅಂದ. ಹನುಮಂತ ಅವನ ಪರ ಮಾತಾಡಿದ. ರಾಮ ಅಭಯ ಕೊಟ್ಟ. ಆವಣಿ ಬೆಟ್ಟಕ್ಕೆ ಹೋದಾಗಲೆಲ್ಲ ಸೀತೆ ಇಲ್ಲಿದ್ದಳು, ಲವ ಕುಶರು ಇಲ್ಲೇ ಹುಟ್ಟಿದ್ದು ಅಂತ ತೋರಿಸುವ ಜನ ನಾವು. ಆದರೆ ಡೈಸ್ ಕೈಗೆ ಬಂದ ತಕ್ಷಣ ಶತ್ರುವಿನ ಕಡೆಯಿಂದ ಬಂದವನನ್ನು ಮಾತಾಡಿಸುವುದೇ ಮರೆತುಹೋಗುತ್ತದೆ.

ನನ್ನ ಪ್ರಕಾರ ಈ ಶಕ್ತಿಯ ದೊಡ್ಡ ಉಪಯೋಗ ಇರುವುದೇ ಅಲ್ಲಿ. ಯಾರು ಕೆಟ್ಟವರು ಅಂತ ಹುಡುಕುವುದಕ್ಕಿಂತ, ಶತ್ರುವಿನ ಪಾಳಯದಲ್ಲಿ ಯಾರು ಕೆಟ್ಟವರಲ್ಲ ಅಂತ ಹುಡುಕಬೇಕು. ಗಣಿಯ ಬಾಯಲ್ಲಿ ಎಂಟು ಜನ ಕಾವಲಿಗೆ ನಿಂತಿದ್ದಾರೆ ಅಂದುಕೊಳ್ಳಿ. ಪ್ಯಾಲಡಿನ್ ಪೊದೆಯ ಹಿಂದೆ ಮೂರು ರೌಂಡ್ ಸುಮ್ನೆ ಕೂರಲಿ. ಇಬ್ಬರು ಕಾಣುತ್ತಾರೆ, ಆರು ಜನ ಕಾಣುವುದಿಲ್ಲ. ಆ ಆರು ಜನ ಸಂಬಳಕ್ಕೆ ನಿಂತವರು. ಹೆದರಿ ನಿಂತವರೂ ಇರಬಹುದು. ಈಗ ಹೇಗೆ ಹೋರಾಡಬೇಕು ಅನ್ನುವುದೇ ಬದಲಾಯಿತು. ಮಾತಾಡಬಹುದು, ಹೆದರಿಸಿ ಓಡಿಸಬಹುದು. ಕತ್ತಿಯನ್ನು ಮಗುಚಿ ಹೊಡೆದು ಪ್ರಜ್ಞೆ ತಪ್ಪಿಸಬಹುದು. ಅದಕ್ಕೂ ನಿಯಮ ಇದೆ, ಹೊಡೆತದ ಡೈಸ್‌ನಲ್ಲಿ 4 ಕಡಿಮೆ ಮಾಡಿಕೊಂಡರೆ ಆಯಿತು. ತಂಡದಲ್ಲಿ ಇದನ್ನೆಲ್ಲ ಹೇಳಬಲ್ಲವನು ಪ್ಯಾಲಡಿನ್ ಒಬ್ಬನೇ. ಕಳ್ಳನಿಗೆ ಈ ಶಕ್ತಿ ಇಲ್ಲ, ಬರೀ ಕತ್ತಿ ಹಿಡಿದ ಫೈಟರ್‌ಗೂ ಇಲ್ಲ. ಕೊಲ್ಲಬೇಕಾದವರ ಸಂಖ್ಯೆ ಇಳಿಸುವ ಶಕ್ತಿ ಅದು. ಅದನ್ನು ಏರಿಸೋಕೆ ಬಳಸುತ್ತಿದ್ದೀರಲ್ಲ, ಅದೇ ನನ್ನ ಸಂಕಟ.

ಹಾಗಂತ ಇದನ್ನೇ ನಂಬಿಕೊಂಡು ನಡೆಯೋಕೂ ಆಗುವುದಿಲ್ಲ. ಹಸಿದ ಹುಲಿ ಕೆಟ್ಟದ್ದಲ್ಲ. ವಿಷ ಕೆಟ್ಟದ್ದಲ್ಲ, ನೆಲದಡಿಯ ಬಲೆಯೂ ಅಲ್ಲ. ಇವು ಯಾವುವೂ ಈ ಶಕ್ತಿಗೆ ಸಿಗುವುದಿಲ್ಲ. ಒಂದು ಅಡಿ ಕಲ್ಲು, ಒಂದು ಇಂಚು ಕಬ್ಬಿಣ, ತೆಳ್ಳನೆಯ ಸೀಸದ ಹಾಳೆ, ಮೂರು ಅಡಿ ಮಣ್ಣು, ಇಷ್ಟು ಅಡ್ಡ ಬಂದರೆ ಸಾಕು, ಏನೂ ತಿಳಿಯುವುದಿಲ್ಲ. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಅಗೆದ ನಮ್ಮ ಕೆಜಿಎಫ್ ಗಣಿಯಂಥ ಜಾಗದಲ್ಲಿ, ಪ್ರತಿ ತಿರುವಿನಲ್ಲೂ ಕಲ್ಲೇ. ಇನ್ನು ಜಾಣ ಖಳನಾಯಕನಿಗೆ ತನ್ನ ಗುಣವನ್ನು ಮುಚ್ಚಿಡುವ ಮಂತ್ರವೂ ಇದೆ, ಒಂದು ಸಲ ಹಾಕಿಸಿಕೊಂಡರೆ 24 ಗಂಟೆ. ಆದ್ದರಿಂದ "ಕಾಣಲಿಲ್ಲ, ಹಾಗಾಗಿ ಒಳ್ಳೆಯವನು" ಅಂತಲೂ ನಿಲ್ಲಿಸುವಂತಿಲ್ಲ. ಕಂಡರೂ ಕಾಣದಿದ್ದರೂ ಕೇಳಬೇಕು, ವಿಚಾರಿಸಬೇಕು.

ಈ ತಕರಾರು ಆಟದಷ್ಟೇ ಹಳೆಯದು. ಆಟ ಬಂದದ್ದು 1974ರಲ್ಲಿ, ಪ್ಯಾಲಡಿನ್ ಮರುವರ್ಷ ಬಂದ. 1978ರ ಪುಸ್ತಕದಲ್ಲೇ 60 ಅಡಿ ಇತ್ತು, ಮನಸ್ಸಿಟ್ಟಾಗ ಮಾತ್ರ ಅನ್ನುವ ಕಟ್ಟು ಇತ್ತು. 2008ರ ಆವೃತ್ತಿ ಈ ಶಕ್ತಿಯನ್ನೇ ಕೈಬಿಟ್ಟಿತು. 2014ರ ಆವೃತ್ತಿಯಲ್ಲಿ ಅದರ ಬದಲು ಬಂದ ಡಿವೈನ್ ಸೆನ್ಸ್ ಅನ್ನುವ ಶಕ್ತಿಗೆ ದೇವಲೋಕದವರು, ಪಿಶಾಚಿಗಳು, ಸತ್ತೂ ನಡೆಯುವವರು ಮಾತ್ರ ಸಿಗುತ್ತಾರೆ. ಚಾವಡಿಯ ಸಾಹುಕಾರ ಸಿಗುವುದಿಲ್ಲ. "ಅದನ್ನೇ ಆಡಿ ಅಕ್ಕಾ, ಜಗಳವೇ ಇರಲ್ಲ" ಅಂತ ಎಷ್ಟೋ ಜನ ಹೇಳಿದ್ದಾರೆ. ನನಗೆ ಬೇಡ. ಎದುರಿಗಿರುವವನು ಕೆಟ್ಟವನು ಅಂತ ಗೊತ್ತಿದ್ದೂ ಕೈ ತಡೆದು ಮಾತಾಡಿಸುವ ಪ್ಯಾಲಡಿನ್ ನನಗೆ ಬೇಕು. ಗೊತ್ತೇ ಆಗದಿದ್ದರೆ ಅವನು ತಡೆಯುವುದಾದರೂ ಏನನ್ನು?

ಇಷ್ಟು ಸಿಟ್ಟು ಯಾಕೆ ಅಂತ ಆಟ ಮುಗಿದ ಮೇಲೆ ಹುಡುಗರು ಕೇಳಿದರು. ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ನಮ್ಮಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮುಳಬಾಗಿಲು ಕಡೆಯ ಹಳ್ಳಿ. ಅವಳು ಎದುರಿಗೆ ಬಂದರೆ ಜನ ಹೊರಟ ಕೆಲಸ ಬಿಟ್ಟು ಮನೆಗೆ ವಾಪಸ್ ಹೋಗುತ್ತಿದ್ದರು. ಅವಳ ಕಣ್ಣು ಕೆಟ್ಟದ್ದು ಅಂತ ಮಕ್ಕಳನ್ನು ಸೆರಗಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಅವರೆಲ್ಲರಿಗೂ ಖಾತ್ರಿ ಇತ್ತು. ನಮಗೆ ನೋಡಿದರೇ ಗೊತ್ತಾಗುತ್ತದೆ ಅನ್ನುತ್ತಿದ್ದರು. ಅವಳು ಮಾಡಿದ್ದಾದರೂ ಏನು ಅಂತ ಒಬ್ಬರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಒಂದು ನೋಟಕ್ಕೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಟದಲ್ಲೂ ಅಷ್ಟೇ.

ಡಿಎಂಗಳಿಗೂ ನನ್ನದೊಂದು ಮಾತಿದೆ. ಪ್ಯಾಲಡಿನ್ ತಪ್ಪು ಮಾಡಿದ ತಕ್ಷಣ ಶಕ್ತಿ ಎಲ್ಲ ಕಿತ್ತುಕೊಂಡು ಕೂರಿಸಬೇಡಿ. ತಿಳಿದೂ ತಿಳಿದೂ ದುಷ್ಟ ಕೆಲಸ ಮಾಡಿದರೆ ಶಕ್ತಿ ಹೋಗುತ್ತದೆ ಅಂತ ನಿಯಮ ಇದೆ, ನಿಜ. ಆದರೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂತ ನಂಬಿ ಕತ್ತಿ ಎತ್ತಿದ ಹುಡುಗನಿಗೆ ಅದನ್ನು ಹೇರಿದರೆ ಅವನು ಮುಂದಿನ ಸಲ ಫೈಟರ್ ಆಡುತ್ತಾನೆ, ಅಷ್ಟೇ. ನಾನು ಅವನ ಶಕ್ತಿ ಮುಟ್ಟಿಲ್ಲ. ಈಗ ಊರ ಯಜಮಾನ ಪಂಚಾಯಿತಿ ಕರೆದಿದ್ದಾನೆ. ಸಾಹುಕಾರನ ಮಗಳು ಬರುತ್ತಾಳೆ, ಹೊಲ ಕಳೆದುಕೊಂಡವರೂ ಬರುತ್ತಾರೆ. ಅವರಲ್ಲಿ ಕೆಲವರಿಗೆ ಈ ಸಾವಿನಿಂದ ಸಂತೋಷವೇ ಆಗಿದೆ. ಪ್ಯಾಲಡಿನ್ ಅವರೆಲ್ಲರ ಮುಂದೆ ನಿಂತು, ಸುಳ್ಳು ಹೇಳದೆ, ತಾನು ಏನು ನೋಡಿದೆ, ಯಾಕೆ ಕಡಿದೆ ಅಂತ ಹೇಳಬೇಕು.

ಹಾಗೇ "ಇದೆ" ಅಂತ ಒಂದೇ ಪದದ ಉತ್ತರ ಕೊಡುವುದನ್ನು ನಮ್ಮ ಮೇಜಿನಲ್ಲಿ ಇವತ್ತಿಂದ ನಿಲ್ಲಿಸಿದ್ದೇನೆ. ಇನ್ನು ಮೇಲೆ ಪ್ರತಿ ರೌಂಡಿಗೂ ಎದುರಿಗಿರುವವನು ಏನು ಮಾಡುತ್ತಿದ್ದಾನೆ ಅಂತ ಹೇಳುತ್ತೇನೆ. ಲೆಕ್ಕ ಬರೆಯುತ್ತಿದ್ದಾನಾ, ಮೊಮ್ಮಗನಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಾನಾ, ಮೇಜಿನ ಕೆಳಗೆ ಕೈ ಹಾಕುತ್ತಿದ್ದಾನಾ. ಮೂರು ರೌಂಡ್ ಮುಗಿದ ಮೇಲೆ ಮೊದಲು ಬಾಯಿಂದ ಒಂದು ಮಾತು ಬರಬೇಕು. ಅವನಾಗಿ ಆಯುಧಕ್ಕೆ ಕೈ ಹಾಕಿದರೆ ಮಾತ್ರ ಈ ನಿಯಮಕ್ಕೆ ರಿಯಾಯಿತಿ. ಇದು ಜಾಸ್ತಿ ಆಯಿತು ಅನ್ನುವವರು ಭಾನುವಾರ ಮಹಡಿಗೆ ಬನ್ನಿ, ಎದುರಾ ಎದುರು ಕೂತು ಜಗಳ ಆಡೋಣ.