ಅಮೆರಿಕದ ಲಾರಿ ಬರದಿದ್ದರೆ ಕೆಂಪು ಸೇನೆ ಬರ್ಲಿನ್ ಮುಟ್ಟುತ್ತಿತ್ತೇ?

1941ರ ಜೂನ್ 22ರಂದು ಹಿಟ್ಲರನ ಸೇನೆ ಸೋವಿಯತ್ ಗಡಿ ದಾಟಿತು. ನಾಲ್ಕು ವರ್ಷ ತುಂಬುವ ಮೊದಲೇ, 1945ರ ಮೇ ಹೊತ್ತಿಗೆ, ಬರ್ಲಿನ್‌ ಕೆಂಪು ಸೇನೆಯ, ಅಂದರೆ ಸೋವಿಯತ್ ಸೇನೆಯ, ಕೈಯಲ್ಲಿತ್ತು. ಈ ನಡುವೆ ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಸುಮಾರು 1,100 ಕೋಟಿ ಡಾಲರ್ ಬೆಲೆಯ ಸಾಮಾನು ಕಳಿಸಿತು. ಈಗ ತಗೊಳ್ಳಿ, ಲೆಕ್ಕ ಆಮೇಲೆ ನೋಡೋಣ ಎನ್ನುವಂಥ ಈ ವ್ಯವಸ್ಥೆಗೆ ಲೆಂಡ್-ಲೀಸ್ ಎಂದು ಹೆಸರು.

ಆ ಸಾಮಾನು ಬರಲಿಲ್ಲ ಅಂತ ಇಟ್ಟುಕೊಳ್ಳಿ. ಅಮೆರಿಕದ ಸೈನಿಕರೂ ಯುರೋಪಿಗೆ ಕಾಲಿಡಲಿಲ್ಲ. ಬ್ರಿಟನ್ ತನ್ನ ಕೈಲಾದಷ್ಟು ಮಾಡುತ್ತಿದೆ, ಅಷ್ಟೇ. ಆಗಲೂ ಸೋವಿಯತ್ ಒಕ್ಕೂಟ ಗೆಲ್ಲುತ್ತಿತ್ತೇ? ಕೆಳಗಿನ ಎರಡು ಬರಹಗಳನ್ನೂ ನಾನೇ ಬರೆದಿದ್ದೇನೆ. ಯಾವ ಕಡೆ ವಾಲಿದ್ದೇನೆ ಅಂತ ಓದಿದರೆ ಗೊತ್ತಾಗುತ್ತದೆ.

ಪರ: ಗೆಲ್ಲುತ್ತಿತ್ತು, ಸ್ವಲ್ಪ ತಡವಾಗಿ

ಮೊದಲು ಎರಡು ತಾರೀಖು ನೋಡಿ. ಮಾಸ್ಕೋ ಬಾಗಿಲಿಗೆ ಬಂದಿದ್ದ ಜರ್ಮನ್ನರ ಮೇಲೆ ಕೆಂಪು ಸೇನೆ ತಿರುಗಿ ಬಿದ್ದದ್ದು 1941ರ ಡಿಸೆಂಬರ್ 5ರಂದು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ್ದು ಡಿಸೆಂಬರ್ 7ರಂದು. ಅಂದರೆ ಹಿಟ್ಲರನ ಸೇನೆ ಮೊದಲ ಸಲ ಹಿಂದೆ ಸರಿಯತೊಡಗಿದಾಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಅದರ ಸಾಮಾನೂ ಬಂದಿದ್ದು ಚೂರುಪಾರು. ಯುದ್ಧ ಮುಗಿಯುವವರೆಗೆ ಬಂದ ಒಟ್ಟು ನೆರವಿನಲ್ಲಿ 1941ರ ಪಾಲು ನೂರಕ್ಕೆ ಎರಡು ಮೂರು ಇರಬಹುದು. ಬ್ರಿಟನ್ ಕಳಿಸಿದ ಒಂದಷ್ಟು ಟ್ಯಾಂಕು ಮಾಸ್ಕೋ ಬಳಿ ಇದ್ದವು, ನಿಜ. ಆದರೆ ಕೆಲಸ ಮಾಡಿದ್ದು ಸೋವಿಯತ್ ಸೈನಿಕ, ಕೆಸರು, ಚಳಿ ಮತ್ತು ದೂರ.

ಈ ದೂರದ ಮಾತನ್ನು ಜನ ಸುಮ್ನೆ ಹಗುರವಾಗಿ ದಾಟಿಬಿಡುತ್ತಾರೆ. ಸೋವಿಯತ್ ರೈಲು ಹಳಿ ಜರ್ಮನಿಯ ಹಳಿಗಿಂತ ಅಗಲ. ಜರ್ಮನ್ ರೈಲು ಅದರ ಮೇಲೆ ಓಡಲ್ಲ. ಒಂದು ಕಡೆಯ ಹಳಿಯನ್ನು ಕಿತ್ತು ಒಳಕ್ಕೆ ಸರಿಸಿ ಮತ್ತೆ ಮೊಳೆ ಹೊಡೆಯಬೇಕು. ನೂರಾರು ಕಿಲೋಮೀಟರ್ ಉದ್ದಕ್ಕೂ ಇದೇ ಕೆಲಸ. ಎಲ್ಲ ಯಂತ್ರದಿಂದಲೇ ನಡೆಯುತ್ತಿತ್ತು ಅಂತ ಹೆಸರಾದ ಆ ಸೇನೆ 6 ಲಕ್ಷಕ್ಕೂ ಜಾಸ್ತಿ ಕುದುರೆ ಕಟ್ಟಿಕೊಂಡು ಬಂದಿತ್ತು. ಅವುಗಳ ಮೇವನ್ನೂ ಹೊತ್ತು ತರಬೇಕಿತ್ತು.

ಇನ್ನು ಕಾರ್ಖಾನೆಗಳ ಕಥೆ. 1941ರ ಎರಡನೇ ಅರ್ಧದಲ್ಲಿ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಪೂರ್ವಕ್ಕೆ ಸಾಗಿಸಿದರು. ಖಾರ್ಕಿವ್‌ನ ಟ್ಯಾಂಕ್ ಕಾರ್ಖಾನೆ ಯುರಲ್ ಬೆಟ್ಟಗಳ ಆಚೆ ನಿಜ್ನಿ ತಗಿಲ್ ಊರಿಗೆ ಹೋಯಿತು. ಕೊನೆಯ ರೈಲು ಹೊರಟದ್ದು ಅಕ್ಟೋಬರ್‌ನಲ್ಲಿ. ಡಿಸೆಂಬರ್ ಮುಗಿಯುವ ಮೊದಲೇ ಅಲ್ಲಿಂದ ಟಿ-34 ಟ್ಯಾಂಕುಗಳು ಹೊರಬಂದವು. ಎಷ್ಟೋ ಕಡೆ ಸೂರು ಹಾಕುವ ಮೊದಲೇ ಯಂತ್ರ ಓಡಿಸಿದರು. 1942ರಲ್ಲಿ ಸೋವಿಯತ್ ಕಾರ್ಖಾನೆಗಳು ಮಾಡಿದ್ದು ಸುಮಾರು 24,000 ಟ್ಯಾಂಕು. ಜರ್ಮನಿ ಮಾಡಿದ್ದು ಅದರ ಮೂರನೇ ಒಂದು ಪಾಲೂ ಇಲ್ಲ.

ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನಿಯ ಆರನೇ ಸೇನೆ ಪೂರ್ತಿ ಶರಣಾದದ್ದು 1943ರ ಫೆಬ್ರುವರಿ 2ರಂದು. ಆಗ ಸೆರೆ ಸಿಕ್ಕವರು ಸುಮಾರು 91,000. ಅಮೆರಿಕದ ನೆರವಿನ ದೊಡ್ಡ ಪಾಲು ಬಂದದ್ದೇ ಅದಾದ ಮೇಲೆ. ಅಷ್ಟು ಹೊತ್ತಿಗೆ ಯುದ್ಧದ ದಿಕ್ಕು ತಿರುಗಿ ಆಗಿತ್ತು. ಹಿಟ್ಲರನಿಗೆ ಎಣ್ಣೆ ಬೇಕಿತ್ತು. ಎಣ್ಣೆ ಬಾವಿಗಳ ಊರು ಮೈಕೋಪ್ ಸಿಕ್ಕಿತು, ಆದರೆ ಬಾವಿಗಳನ್ನೆಲ್ಲ ಹಾಳು ಮಾಡಿಟ್ಟೇ ಸೋವಿಯತ್ ಸೈನಿಕರು ಹೊರಟಿದ್ದರು. ಇನ್ನೊಂದು ಎಣ್ಣೆ ಊರಾದ ಬಾಕುವಿಗಂತೂ ತಲುಪಲೇ ಇಲ್ಲ. ಪೆಟ್ರೋಲ್ ಇಲ್ಲದ ಸೇನೆ ಎಷ್ಟು ದಿನ ನಿಂತೀತು?

ಸೋವಿಯತ್ ಒಕ್ಕೂಟ ಸುಸ್ತಾಗಿ ರಾಜಿ ಮಾಡಿಕೊಳ್ಳುತ್ತಿತ್ತು ಅನ್ನುವವರಿದ್ದಾರೆ. ಯಾರ ಜೊತೆ ರಾಜಿ? ಲೆನಿನ್‌ಗ್ರಾಡನ್ನು 872 ದಿನ ಮುತ್ತಿಗೆ ಹಾಕಿ ಜನರನ್ನು ಹಸಿವಿನಿಂದ ಕೊಂದವರ ಜೊತೆಯೇ? ಶರಣಾದರೂ ಸಾವು, ಹೋರಾಡಿದರೂ ಸಾವು ಅಂತ ಆದಮೇಲೆ ಜನ ಹೋರಾಡುತ್ತಾರೆ. ಯುದ್ಧದಲ್ಲಿ ಸತ್ತ ಸೋವಿಯತ್ ಜನ ಸುಮಾರು 2.7 ಕೋಟಿ. ಸತ್ತ ಜರ್ಮನ್ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಸತ್ತದ್ದೂ ಇದೇ ರಂಗದಲ್ಲಿ. ಲಾರಿ ಇಲ್ಲದಿದ್ದರೆ ಇನ್ನೊಂದೆರಡು ವರ್ಷ ಜಾಸ್ತಿ ಹಿಡಿಯುತ್ತಿತ್ತು. ಆದರೆ ಕೊನೆಗೆ ಬೀಳುತ್ತಿದ್ದದ್ದು ಬರ್ಲಿನ್ನೇ.

ವಿರೋಧ: ಸೋಲುತ್ತಿರಲಿಲ್ಲವೇನೋ, ಗೆಲ್ಲುತ್ತಲೂ ಇರಲಿಲ್ಲ

ಮಾಸ್ಕೋ ವಿಷಯ ಒಪ್ಪಿಕೊಂಡೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರು, ಅದೂ ತಮ್ಮ ಬಲದಿಂದಲೇ. ಆದರೆ ಕಳ್ಳನನ್ನು ಬಾಗಿಲಲ್ಲಿ ತಡೆಯುವುದು ಬೇರೆ, ಅವನ ಮನೆವರೆಗೆ ಅಟ್ಟಿಸಿಕೊಂಡು ಹೋಗುವುದು ಬೇರೆ. ಸ್ಟಾಲಿನ್‌ಗ್ರಾಡ್‌ನಿಂದ ಬರ್ಲಿನ್‌ಗೆ ಎರಡು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು. ನೆರವಿನ ದೊಡ್ಡ ಪಾಲು ಸ್ಟಾಲಿನ್‌ಗ್ರಾಡ್ ಆದಮೇಲೆ ಬಂತು ಅಂತ ಎದುರು ಪಕ್ಷ ಹೇಳುತ್ತದಲ್ಲ, ಸರಿಯಾಗಿ ಈ ದಾರಿ ಶುರುವಾಗುವ ಹೊತ್ತಿಗೇ ಬಂತು ಅಂತ ಆಯಿತು!

24,000 ಟ್ಯಾಂಕು ಮಾಡಿದರು, ಸರಿ. ಅಷ್ಟೊಂದು ಮಾಡಲು ಹೇಗೆ ಆಯಿತು? ಉಳಿದದ್ದನ್ನು ಮಾಡುವುದು ಕೈಬಿಟ್ಟಿದ್ದರಿಂದ. ರೈಲು ಎಂಜಿನ್ ತಯಾರಿಕೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಅಮೆರಿಕ ಸುಮಾರು 2,000 ಎಂಜಿನ್ ಕೊಟ್ಟಿತು, ಜೊತೆಗೆ 11,000ದಷ್ಟು ಬೋಗಿ. ಜೀಪು ಲಾರಿ ಸೇರಿ ಸುಮಾರು 4 ಲಕ್ಷ ವಾಹನ. ವಿಮಾನ ಮಾಡಲು ಅಲ್ಯೂಮಿನಿಯಂ, ಹಾರಿಸಲು ಒಳ್ಳೆಯ ಪೆಟ್ರೋಲು, ಫೋನಿಗೆ ತಂತಿ, ಕಾಲಿಗೆ ಬೂಟು. ಯುದ್ಧದ ನಂತರ ಸೋವಿಯತ್ ಸರ್ಕಾರ ಈ ನೆರವೆಲ್ಲ ತನ್ನ ಉತ್ಪಾದನೆಯ ನೂರಕ್ಕೆ 4ರಷ್ಟು ಮಾತ್ರ ಅಂತ ಲೆಕ್ಕ ಹೇಳಿತು. ಇದು ಗಾಡಿಗೆ ಹೋಲಿಸಿದರೆ ಕಡಾಣಿ ಎಷ್ಟು ತೂಕ ಅಂತ ಕೇಳಿದ ಹಾಗೆ. ಕಡಾಣಿ ಕಿತ್ತರೆ ಚಕ್ರ ಕಳಚಿಕೊಳ್ಳುತ್ತದೆ.

ಊಟದ ವಿಷಯಕ್ಕೆ ಬನ್ನಿ. 1942ರ ಹೊತ್ತಿಗೆ ಉಕ್ರೇನಿನ ಗೋಧಿ ಹೊಲಗಳು ಜರ್ಮನ್ನರ ಕೈಯಲ್ಲಿದ್ದವು. ಗಂಡಸರು, ಕುದುರೆ, ಟ್ರ್ಯಾಕ್ಟರು ಎಲ್ಲ ಸೇನೆಗೆ ಹೋಗಿದ್ದವು. ಹಳ್ಳಿಗಳಲ್ಲಿ ಹೆಂಗಸರು ಹಸುಗಳನ್ನು ಹೂಡಿ ಉತ್ತರು, ಅವೂ ಇಲ್ಲದ ಕಡೆ ತಾವೇ ನೇಗಿಲು ಎಳೆದರು. ಅಂಥ ಹೊತ್ತಲ್ಲಿ ಅಮೆರಿಕದಿಂದ 40 ಲಕ್ಷ ಟನ್‌ಗೂ ಹೆಚ್ಚು ಆಹಾರ ಬಂತು. ಅದರಲ್ಲಿ ಹೆಸರಾದದ್ದು ಡಬ್ಬಿಯಲ್ಲಿ ಬೇಯಿಸಿಟ್ಟ ಮಾಂಸ. ಪಶ್ಚಿಮದವರು ಜರ್ಮನಿ ಮೇಲೆ ಎರಡನೇ ರಂಗ ತೆರೆಯುತ್ತೇವೆ ಅಂತ ಹೇಳುತ್ತಲೇ ಇದ್ದರು, ತೆರೆಯುತ್ತಿರಲಿಲ್ಲ. ಅದಕ್ಕೆ ಸೋವಿಯತ್ ಸೈನಿಕರು ಈ ಡಬ್ಬಿಗೇ 'ಎರಡನೇ ರಂಗ' ಅಂತ ಹೆಸರಿಟ್ಟಿದ್ದರು. ಡಬ್ಬಿಗೆ ಚಾಕು ಹಾಕುವಾಗ, ಬನ್ನಿ, ಎರಡನೇ ರಂಗ ತೆರೆಯೋಣ ಅನ್ನುತ್ತಿದ್ದರಂತೆ. ತಮಾಷೆ ಕಹಿಯಾಗಿತ್ತು. ಹೊಟ್ಟೆ ಮಾತ್ರ ತುಂಬುತ್ತಿತ್ತು. ಈ ಮಾಂಸ ಇಲ್ಲದಿದ್ದರೆ ಸೇನೆಗೆ ಉಣ್ಣಿಸಲು ಆಗುತ್ತಿರಲಿಲ್ಲ ಎಂದು ಸ್ಟಾಲಿನ್ ನಂತರ ಸೋವಿಯತ್ ನಾಯಕರಾದ ಕ್ರುಶ್ಚೇವ್ ಕೂಡ ಮುಂದೆ ಒಪ್ಪಿಕೊಂಡರು.

ಆಕಾಶದ ಲೆಕ್ಕವನ್ನು ಎದುರು ಪಕ್ಷ ಎತ್ತಲೇ ಇಲ್ಲ. ಜರ್ಮನಿಯ ಊರುಗಳ ಮೇಲೆ ಅಮೆರಿಕ ಮತ್ತು ಬ್ರಿಟನ್ ಬಾಂಬ್ ಹಾಕುತ್ತಿದ್ದರಿಂದ ಜರ್ಮನ್ ಯುದ್ಧವಿಮಾನಗಳ ದೊಡ್ಡ ಪಾಲು ಮನೆ ಕಾಯಲು ವಾಪಸಾಯಿತು. ಟ್ಯಾಂಕು ಸೀಳಬಲ್ಲ 88 ಮಿ.ಮೀ. ತೋಪುಗಳು ಸಾವಿರಗಟ್ಟಲೆ ಆಕಾಶ ನೋಡುತ್ತ ಕೂತವು. ಅಮೆರಿಕ ಇಲ್ಲದಿದ್ದರೆ ಅವುಗಳಲ್ಲಿ ಬಹಳಷ್ಟು ಪೂರ್ವಕ್ಕೆ ಹೋಗುತ್ತಿದ್ದವು.

ಯಾರ ಜೊತೆ ರಾಜಿ ಅಂತ ಕೇಳಿದಿರಿ. ಒಳ್ಳೆಯ ಪ್ರಶ್ನೆಯೇ, ನನಗೂ ಇದು ತೊಡಕು. ಆದರೆ 1918ರ ಮಾರ್ಚ್‌ನಲ್ಲಿ ಬ್ರೆಸ್ಟ್-ಲಿಟೊವ್ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟ ಕಟ್ಟಿದ ಇದೇ ಬೊಲ್ಶೆವಿಕರು ಉಕ್ರೇನನ್ನೂ ಬಾಲ್ಟಿಕ್ ನಾಡುಗಳನ್ನೂ ಬಿಟ್ಟುಕೊಟ್ಟು ಜರ್ಮನಿ ಜೊತೆ ಸಂಧಿ ಮಾಡಿಕೊಂಡಿದ್ದರು. ರಾಜಿ ಅಂದರೆ ನಂಬಿಕೆಯೇ ಬೇಕಿಲ್ಲ, ಇಬ್ಬರಿಗೂ ಸುಸ್ತಾದರೆ ಸಾಕು. ಸ್ಟಾಲಿನ್ ಸ್ವತಃ 1943ರ ಕೊನೆಗೆ ಟೆಹರಾನ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಎದುರು, ಅಮೆರಿಕದ ಯಂತ್ರಗಳಿಲ್ಲದಿದ್ದರೆ ಈ ಯುದ್ಧ ಸೋಲುತ್ತಿದ್ದೆವು ಅಂತ ಹೇಳಿದ್ದರು. ಔತಣದಲ್ಲಿ ಗ್ಲಾಸು ಎತ್ತಿ ಆಡಿದ ಮಾತು, ಸ್ವಲ್ಪ ಉಪಚಾರ ಇರಬಹುದು. ಆದರೆ ಸುಮ್ಮನೆ ಹೊಗಳುವ ಸ್ವಭಾವ ಆ ಮನುಷ್ಯನದಲ್ಲ, ಅಲ್ವಾ?

ಇಷ್ಟೆಲ್ಲ ಬೇಡ ಅಂದರೆ ಎರಡು ದಾಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ಟಾಲಿನ್‌ಗ್ರಾಡ್ ಗೆದ್ದ ಹುರುಪಿನಲ್ಲಿ ಕೆಂಪು ಸೇನೆ ಪಶ್ಚಿಮಕ್ಕೆ ನುಗ್ಗಿತು. 1943ರ ಫೆಬ್ರುವರಿ 16ಕ್ಕೆ ಖಾರ್ಕಿವ್ ಕೈಗೆ ಬಂತು. ಟ್ಯಾಂಕುಗಳು ಇನ್ನೂ ಮುಂದೆ ಓಡಿದವು. ಪೆಟ್ರೋಲು, ಗುಂಡು ಹಿಂದೆಯೇ ಉಳಿದವು. ಪೆಟ್ರೋಲು ಮುಗಿದು ಹಿಮದಲ್ಲಿ ನಿಂತ ಟ್ಯಾಂಕುಗಳನ್ನು ಜರ್ಮನ್ ಸೇನಾಪತಿ ಮಾನ್‌ಸ್ಟೈನ್ ಪಕ್ಕದಿಂದ ಹೊಡೆದರು. ತಿಂಗಳು ತುಂಬುವುದರೊಳಗೆ ಖಾರ್ಕಿವ್ ಮತ್ತೆ ಜರ್ಮನ್ನರದಾಯಿತು.

1944ರ ಜೂನ್ 22ರಂದು ಬೆಲರೂಸ್‌ನಲ್ಲಿ ಬಗ್ರಾತಿಯೋನ್ ದಾಳಿ ಶುರುವಾಯಿತು. ಈ ಸಲ ಟ್ಯಾಂಕುಗಳ ಹಿಂದೆ ಅಮೆರಿಕದ ಸ್ಟುಡೆಬೇಕರ್ ಲಾರಿಗಳ ಸಾಲು. ಕೆಸರಿನಲ್ಲಿ ಸಿಕ್ಕಿಕೊಳ್ಳದೆ ಹೋಗುವ ಲಾರಿ ಅದು. ಕತ್ಯೂಷಾ ರಾಕೆಟ್ಟುಗಳನ್ನೂ ಅದರ ಬೆನ್ನಿಗೇ ಕೂರಿಸಿದ್ದರು. ಜುಲೈ 3ಕ್ಕೆ ಮಿನ್ಸ್ಕ್ ಬಿತ್ತು. ತಿಂಗಳ ಕೊನೆಗೆ ಸೇನೆ ಪೋಲೆಂಡಿನ ವಿಸ್ಚುಲಾ ನದಿ ದಂಡೆಯಲ್ಲಿತ್ತು. ಐದಾರು ವಾರಕ್ಕೆ ಐನೂರು ಕಿಲೋಮೀಟರ್! ಆ ಲಾರಿಗಳನ್ನು ತೆಗೆದುಬಿಡಿ. ಟ್ಯಾಂಕು ಮಿನ್ಸ್ಕ್‌ವರೆಗೆ ಹೋಗುತ್ತಿದ್ದವೇನೋ. ಅಲ್ಲಿ ನಿಂತು ಪೆಟ್ರೋಲಿಗಾಗಿ ಹಿಂದಕ್ಕೆ ನೋಡುತ್ತಿದ್ದವು.