ಹೆಣ್ಣು ನೋಡೋಕ್ ಬಂದ ಸರ್ಕಾರ

ನಮ್ಮ ಹಾಸನದ ಕಡೆ ಹೆಣ್ಣು ನೋಡೋಕ್ ಬಂದೋರು ಉಪ್ಪಿಟ್ಟು ಕೇಸರಿಬಾತ್ ತಿಂದು ಕೈ ತೊಳ್ಕಂಡು ಆಮೇಲೆ ಕಂಡೀಷನ್ ಹಾಕ್ತಾರೆ, ಭಾರತ ಸರ್ಕಾರ ಏನೂ ತಿನ್ನದೇನೇ ಹಾಕಿತ್ತು ಕಣ್ರೀ.

ಪಕ್ಕದ ಕೊಡಗಿನ ವಿರಾಜಪೇಟೆ ಹುಡುಗಿ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಇಂಟರ್‌ವ್ಯೂನಲ್ಲೇ ನಿಂಗ್ಯಾಕಮ್ಮ ಈ ಕೆಲಸ ಅನ್ನೋ ಧಾಟೀಲಿ ತಲೆ ತಿಂದ್ರಂತೆ, ಬಗ್ಗಲಿಲ್ಲ, ಸರಿ, ಹಂಗಾದ್ರೆ ಮದುವೆ ಆದ್ರೆ ರಾಜೀನಾಮೆ ಕೊಡ್ತೀನಿ ಅಂತ ಬರ್ಕೊಡು ಅಂದ್ರು. ಆಯಮ್ಮ ಮದುವೇನೇ ಆಗ್ಲಿಲ್ಲ.

1961ರಲ್ಲಿ ಇದನ್ನೆಲ್ಲ ನೀಟಾಗಿ ರೂಲ್ ಮಾಡಿದ್ರು. ಹೆಂಗಸರು ಮದುವೆಗೆ ಮುಂಚೆ ಸರ್ಕಾರದಿಂದ ಲಿಖಿತ ಪರ್ಮಿಷನ್ ತಗಬೇಕು, ಆದ್ಮೇಲೆ ಸಂಸಾರ ಕೆಲಸಕ್ಕೆ ಅಡ್ಡ ಬರ್ತಿದೆ ಅನ್ನಿಸಿದ್ರೆ ರಾಜೀನಾಮೆ ಕೇಳಬಹುದು. ಗಂಡಸ್ರಿಗೆ ಈ ರೂಲ್ ಇಲ್ಲ. ಅವರಿಗೆ ಸಂಸಾರ ಇರುತ್ತೆ, ಆದ್ರೆ ಅಡ್ಡ ಬರಲ್ಲ ನೋಡಿ, ಯಾಕಂದ್ರೆ ಅದನ್ನ ಮಾಡೋದು ಇನ್ಯಾರೋ.

ತಮಾಷೆ ಅಂದ್ರೆ ವಿಜಯಲಕ್ಷ್ಮಿ ಪಂಡಿತ್‌ರನ್ನ 1947ರಲ್ಲೇ ಮಾಸ್ಕೋಗೆ ರಾಯಭಾರಿ ಮಾಡಿ ಕಳ್ಸಿತ್ತು ಇದೇ ಸರ್ಕಾರ, 1953ರಲ್ಲಿ ಅವರು ವಿಶ್ವಸಂಸ್ಥೆ ಸಾಮಾನ್ಯ ಸಭೆಗೆ ಅಧ್ಯಕ್ಷೆ ಆದಾಗ ಎದೆ ಉಬ್ಬಿಸ್ಕಂಡಿತ್ತು. ಅಣ್ಣ ಪ್ರಧಾನಿ ಆಗಿದ್ರೆ ಮಕ್ಕಳು ಮರಿ ಯಾವ್ದೂ ಅಡ್ಡಿ ಇಲ್ಲ ಬಿಡಿ.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿ ಆದ್ರು. ಆಮೇಲೆ ಪ್ರಮೋಷನ್ ತಪ್ಪಿಸಿದಾಗ ಸೀದಾ ಸುಪ್ರೀಂ ಕೋರ್ಟಿಗೆ ಹೋದ್ರು. ಕೇಸ್ ನಡೀತಿರೋವಾಗ್ಲೇ ಸರ್ಕಾರಕ್ಕೆ ಜ್ಞಾನೋದಯ ಆಗಿ ಪ್ರಮೋಷನ್ನೂ ಕೊಡ್ತು, ಒಂದು ರೂಲ್ ತೆಗೆದಾಯ್ತು ಇನ್ನೊಂದು ತೆಗೀತಿದೀವಿ ಸ್ವಾಮಿ ಅಂತ ಕೋರ್ಟ್ ಮುಂದೆ ಗಿಣಿ ಥರ ಒಪ್ಪಿಸ್ತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿ ವಜಾ ಮಾಡಿದ್ರು, ಆದ್ರೆ ಸಂಸಾರ ಅಡ್ಡ ಬರೋದಾದ್ರೆ ಗಂಡಸ್ರಿಗೂ ಬರಬಹುದಲ್ಲಪ್ಪ ಅಂತ ಚೆನ್ನಾಗಿ ಉಗಿದೇ ವಜಾ ಮಾಡಿದ್ರು.

ಆ ಕಾಲದ ಆಫೀಸರ್‌ಗಳು ಸುಮ್ನೆ ಹೆದರಿದ್ರು ಅನ್ಸುತ್ತೆ. ನಮ್ಮ ಕಡೆ ಮಹಿಳಾ ಮೀಸಲು ಪಂಚಾಯ್ತಿಗಳನ್ನ ಬಂದು ನೋಡ್ಬೇಕಿತ್ತು, ಗಂಡ ಎಲ್ಲಿ ಅಡ್ಡ ಬರ್ತಾನೆ? ಕುರ್ಚಿ, ಮೀಟಿಂಗು, ಬಿಲ್ಲು, ಕಾಂಟ್ರ್ಯಾಕ್ಟರ್ ಎಲ್ಲಾ ಅವನೇ ನೋಡ್ಕಂತಾನೆ, ಅಧ್ಯಕ್ಷೆ ಸೈನ್ ಹಾಕಿದ್ರೆ ಸಾಕು. ಮುತ್ತಮ್ಮನಿಗೂ ನಮ್ಮ ಹಾಸನದ ಗಂಡು ಒಂದು ಗಂಟು ಬಿದ್ದಿದ್ರೆ ಬುಡಾಪೆಸ್ಟಲ್ಲಿ ಗರಿಗರಿ ಬಿಳಿ ಶರ್ಟ್ ಹಾಕ್ಕಂಡು ಎಂಬಸಿ ಬಾಗ್ಲಲ್ಲೇ ಕೂತಿರೋನು: "ಮೇಡಂ ಒಳಗವ್ರೆ, ಹಂಗೇರಿ ವಿಷ್ಯ ಏನೇ ಇದ್ರೂ ನಮ್ಮತ್ರ ಮಾತಾಡಿ."