ಸಮಿತಿಗಿಂತ ಮೊದಲು ಅರ್ಹತೆಯ ನಿಯಮ ಒಂದಾಗಲಿ

ಅಮೆರಿಕದ ವಲಸೆ ಕೃಷಿ ಕಾರ್ಮಿಕರಿಗಾಗಿ ಇಲಾಖೆಗಳೆಲ್ಲ ಸೇರಿ ಸಮನ್ವಯ ಸಮಿತಿ ರಚಿಸಬೇಕೆಂದು ಲೇಖನವೊಂದು ಕೊಟ್ಟ ಸಲಹೆ ಒಳ್ಳೆಯದೇ. ಆದರೆ ತೊಡಕು ಇರುವುದು ಅರ್ಹತೆಯ ನಿಯಮಗಳಲ್ಲಿ. ಈ ಕಾರ್ಮಿಕರಿಗೆಂದೇ ಇರುವ ಆರೋಗ್ಯ ಯೋಜನೆ ಕಳೆದ 24 ತಿಂಗಳ ಕೃಷಿ ದುಡಿಮೆಯನ್ನು ನೋಡುತ್ತದೆ. ಅವರ ಮಕ್ಕಳ ಶಿಕ್ಷಣ ಯೋಜನೆ 36 ತಿಂಗಳೊಳಗಿನ ವಲಸೆಯನ್ನು ಕೇಳುತ್ತದೆ. ಹೀಗಾಗಿ ಒಂದೇ ಕುಟುಂಬ ಒಂದು ಕಚೇರಿಯಲ್ಲಿ ಅರ್ಹ, ಇನ್ನೊಂದರಲ್ಲಿ ಅನರ್ಹ!

ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ನದು ಇನ್ನೂ ದೊಡ್ಡ ಗೋಳು. ಅದು ರಾಜ್ಯವಾರು ನಡೆಯುವ ಯೋಜನೆ. ಫ್ಲಾರಿಡಾದಲ್ಲಿ ಟೊಮೆಟೊ ಬಿಡಿಸಿ ಮಿಷಿಗನ್‌ನ ಹಣ್ಣಿನ ತೋಟಕ್ಕೆ ಹೋದ ಗರ್ಭಿಣಿ, ಅರ್ಹಳಾಗಿದ್ದರೂ ಹೊಸದಾಗಿ ಅರ್ಜಿ ಹಾಕಬೇಕು, ವಿಳಾಸದ ಪುರಾವೆ ಹುಡುಕಬೇಕು. ಮಂಜೂರಾತಿ ಬರುವ ವೇಳೆಗೆ ಕೊಯ್ಲೇ ಮುಗಿದಿದ್ದರೆ ಆ ಕಾಗದ ಯಾರಿಗೆ ಬೇಕು?

ವಲಸೆ ಕಾರ್ಮಿಕರ ಮಕ್ಕಳ ಶಾಲಾ ದಾಖಲೆಗಳನ್ನು ರಾಜ್ಯಗಳು ಪರಸ್ಪರ ಹಂಚಿಕೊಳ್ಳುವ ಗಣಕ ವ್ಯವಸ್ಥೆ ಅಲ್ಲಿ ಈಗಾಗಲೇ ಇದೆ. ತಾಯಂದಿರ ಚಿಕಿತ್ಸಾ ದಾಖಲೆಗೂ, ಅವರ ಒಪ್ಪಿಗೆ ಪಡೆದು, ಅಂಥದ್ದೇ ಏರ್ಪಾಡು ಮಾಡಬೇಕು. ಆ ದಾಖಲೆ ವಲಸೆ ನಿಯಂತ್ರಣ ಅಧಿಕಾರಿಗಳ ಕೈ ಸೇರದಂತೆ ಕಾನೂನಿನ ಬಿಗಿ ಕಾವಲು ಇರಲೇಬೇಕು. ಗಡೀಪಾರಾಗುವ ಭಯ ಇರುವ ತನಕ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ.